ಖೇತ್ವಾಡಿಯ ಬೀಡಿ ಅಂಗಡಿಯಲ್ಲಿ ಅದ್ವೈತ: ನಿಸರ್ಗದತ್ತ ಮಹಾರಾಜರ ಬದುಕಿನ ಕಥೆ

ಮುಂಬೈನ ಗಿರ್‌ಗಾಂವ್ ಬಳಿಯ ಖೇತ್ವಾಡಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಗಣೇಶೋತ್ಸವದ ಎತ್ತರದ ಮೂರ್ತಿಗಳು. ಇದೇ ಖೇತ್ವಾಡಿಯ 10ನೇ ಗಲ್ಲಿಯ ಒಂದು ಸಣ್ಣ ಮನೆಯನ್ನು ಹುಡುಕಿಕೊಂಡು 1970ರ ದಶಕದಲ್ಲಿ ಯುರೋಪ್, ಅಮೆರಿಕದಿಂದಲೂ ಜನ ಬರುತ್ತಿದ್ದರು. ಅವರು ಬರುತ್ತಿದ್ದುದು ಗುಡಿಗಲ್ಲ, ಮಠಕ್ಕಲ್ಲ. ಹತ್ತಾರು ವರ್ಷ ಬೀಡಿ ಅಂಗಡಿ ನಡೆಸಿ, ಮಕ್ಕಳನ್ನು ಸಾಕಿ, ಅದೇ ಮನೆಯ ಅಟ್ಟದಲ್ಲಿ ಕುಳಿತು ಆತ್ಮಜ್ಞಾನದ ಬಗ್ಗೆ ಮಾತನಾಡುತ್ತಿದ್ದ ಒಬ್ಬ ಗೃಹಸ್ಥರನ್ನು ಕಾಣಲು.

ಅವರೇ ನಿಸರ್ಗದತ್ತ ಮಹಾರಾಜ್. ಕಾವಿ ತೊಟ್ಟವರಲ್ಲ, ಸಂಸ್ಕೃತ ಓದಿದವರಲ್ಲ. ಮಾತೆಲ್ಲ ಮರಾಠಿಯಲ್ಲಿ. ಆದರೂ 20ನೇ ಶತಮಾನದ ಅದ್ವೈತ ಗುರುಗಳ ಸಾಲಿನಲ್ಲಿ ರಮಣ ಮಹರ್ಷಿಗಳ ಜತೆಗೆ ಇವರ ಹೆಸರನ್ನೂ ಹೇಳಲಾಗುತ್ತದೆ. ಇವರ ಗುರುಪರಂಪರೆಯ ಬೇರು ಇರುವುದು ನಮ್ಮ ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿ ಎಂಬುದು ಮುಂಬೈ, ಪುಣೆಯ ಎಷ್ಟೋ ಕನ್ನಡಿಗರಿಗೆ ಇಂದಿಗೂ ಗೊತ್ತಿಲ್ಲ.

ಹನುಮ ಜಯಂತಿಯಂದು ಹುಟ್ಟಿದ ಮಾರುತಿ

1897ರ ಏಪ್ರಿಲ್ 17ರಂದು ಮುಂಬೈನಲ್ಲಿ ಹುಟ್ಟಿದ ಮಗುವಿಗೆ ಮನೆಯವರು ಮಾರುತಿ ಎಂದು ಹೆಸರಿಟ್ಟರು. ಅಂದು ಹನುಮ ಜಯಂತಿ. ತಂದೆ ಶಿವರಾಮಪಂತ ಕಾಂಬ್ಳಿ, ತಾಯಿ ಪಾರ್ವತಿಬಾಯಿ. ತಂದೆ ಮುಂಬೈನಲ್ಲಿ ಮನೆಗೆಲಸಕ್ಕಿದ್ದವರು. ನಂತರ ಕುಟುಂಬದೊಂದಿಗೆ ಕೊಂಕಣದ ಕಾಂದಳಗಾಂವ್ ಎಂಬ ಹಳ್ಳಿಗೆ ಹೋಗಿ ಸಣ್ಣ ರೈತರಾದರು. ಆಗ ರತ್ನಾಗಿರಿ ಜಿಲ್ಲೆಗೆ ಸೇರಿದ್ದ ಆ ಊರು ಈಗ ಸಿಂಧುದುರ್ಗ ಜಿಲ್ಲೆಯಲ್ಲಿದೆ.

ಆರು ಮಕ್ಕಳ ಬಡ ಸಂಸಾರ. ಮಾರುತಿಗೆ ಶಾಲೆಯ ಓದು ಹೆಚ್ಚೇನೂ ಸಿಗಲಿಲ್ಲ. ದನ ಕಾಯುವುದು, ಹೊಲದಲ್ಲಿ ತಂದೆಗೆ ಕೈಜೋಡಿಸುವುದು, ಮನೆಗೆ ಬೇಕಾದ್ದನ್ನು ತಂದುಕೊಡುವುದು, ಇದರಲ್ಲೇ ಬಾಲ್ಯ ಕಳೆಯಿತು. ತಂದೆಗೆ ವಿಷ್ಣು ಹರಿಭಾವು ಗೋರೆ ಎಂಬ ಸ್ನೇಹಿತರಿದ್ದರು. ದೇವರು, ಧರ್ಮ, ಬದುಕು ಸಾವು ಎಂದು ಇಬ್ಬರೂ ಮಾತಿಗೆ ಕುಳಿತರೆ ಹುಡುಗ ಮಾರುತಿ ಪಕ್ಕದಲ್ಲಿ ಕಿವಿಯಾಗಿರುತ್ತಿದ್ದ. ಅಕ್ಷರ ಕಡಿಮೆಯಿದ್ದ ಆ ಹುಡುಗನಿಗೆ ಪ್ರಶ್ನೆ ಕೇಳುವ ಗುಣ ಬಂದದ್ದು ಅಲ್ಲಿಂದ.

1915ರಲ್ಲಿ ತಂದೆ ತೀರಿಕೊಂಡರು. ಹೊಲದಿಂದ ಬರುವ ಆದಾಯ ಮನೆಗೆ ಸಾಲುತ್ತಿರಲಿಲ್ಲ. ಮೊದಲು ಅಣ್ಣ ಮುಂಬೈ ಸೇರಿದರು. 1918ರಲ್ಲಿ ಮಾರುತಿಯೂ ಹಿಂಬಾಲಿಸಿದರು. ಕೆಲಸ ಅರಸಿ ಊರು ಬಿಟ್ಟು ಈ ಮಹಾನಗರಕ್ಕೆ ಬಂದ ಲಕ್ಷಾಂತರ ಜನರ ಕಥೆಗೂ ಅವರ ಕಥೆಗೂ ಆಗ ವ್ಯತ್ಯಾಸವೇ ಇರಲಿಲ್ಲ.

ಒಂದು ಅಂಗಡಿ ಎಂಟಾಯಿತು

ಮೊದಲು ಸಿಕ್ಕಿದ್ದು ಕಚೇರಿಯೊಂದರಲ್ಲಿ ಕಿರಿಯ ಗುಮಾಸ್ತೆಯ ಕೆಲಸ. ಕೈಕೆಳಗಿನ ದುಡಿಮೆ ಅವರಿಗೆ ಒಗ್ಗಲಿಲ್ಲ. ಕೆಲವೇ ತಿಂಗಳಲ್ಲಿ ಅದನ್ನು ಬಿಟ್ಟು ಸಣ್ಣ ವ್ಯಾಪಾರಕ್ಕಿಳಿದರು. ಮಕ್ಕಳ ಬಟ್ಟೆ, ತಂಬಾಕು, ಮುಖ್ಯವಾಗಿ ಕೈಯಲ್ಲಿ ಸುತ್ತಿದ ಬೀಡಿ. ವ್ಯಾಪಾರ ಕುದುರಿತು. ನೋಡನೋಡುತ್ತಲೇ ಒಂದು ಅಂಗಡಿ ಎಂಟಾಯಿತು.

1924ರಲ್ಲಿ ಸುಮತಿಬಾಯಿ ಅವರೊಂದಿಗೆ ಮದುವೆಯಾಯಿತು. ಮೂವರು ಹೆಣ್ಣುಮಕ್ಕಳು, ಒಬ್ಬ ಮಗ. ಮೂವತ್ತೈದರ ಹೊತ್ತಿಗೆ ಮಾರುತಿ ಕಾಂಬ್ಳಿ ಅವರಿಗೆ ಮನೆ, ಮಡದಿ, ಮಕ್ಕಳು, ಅಂಗಡಿ ಎಲ್ಲವೂ ಇತ್ತು. ಹೊರಗಿನಿಂದ ನೋಡಿದವರಿಗೆ ಅದು ಕೊಂಕಣದ ಹಳ್ಳಿ ಹುಡುಗ ಮುಂಬೈನಲ್ಲಿ ಗೆದ್ದ ಕಥೆ. ಆದರೆ ಬಾಲ್ಯದಲ್ಲಿ ಕಿವಿಗೆ ಬಿದ್ದಿದ್ದ ಪ್ರಶ್ನೆಗಳು ಒಳಗೆ ಹಾಗೇ ಉಳಿದಿದ್ದವು.

1933: ಸ್ನೇಹಿತ ಕರೆದೊಯ್ದ ಆ ದಿನ

ಯಶವಂತರಾವ್ ಬಾಗ್ಕರ್ ಎಂಬ ಸ್ನೇಹಿತರು 1933ರಲ್ಲಿ ಮಾರುತಿಯವರನ್ನು ತಮ್ಮ ಗುರುಗಳ ಬಳಿಗೆ ಕರೆದೊಯ್ದರು. ಆ ಗುರುಗಳೇ ಸಿದ್ಧರಾಮೇಶ್ವರ ಮಹಾರಾಜ್.

ಗುರು ಹೇಳಿದ್ದು ಉದ್ದದ ಉಪದೇಶವಲ್ಲ. ಮಂತ್ರ ಕೊಟ್ಟರು. ಜತೆಗೆ ಒಂದು ಸೂಚನೆ ಕೊಟ್ಟರು. ನೀನು ಅಂದುಕೊಂಡಿರುವ ಈ ವ್ಯಕ್ತಿ ನೀನಲ್ಲ. 'ನಾನಿದ್ದೇನೆ' ಎಂಬ ಬರಿಯ ಅರಿವಿನಲ್ಲಿ ಮನಸ್ಸನ್ನು ನಿಲ್ಲಿಸು, ಉಳಿದದ್ದನ್ನೆಲ್ಲ ಬಿಡು ಎಂಬುದು ಅದರ ಸಾರ. ಮಾರುತಿ ಅದನ್ನು ಪ್ರಶ್ನಿಸದೆ ಹಿಡಿದುಕೊಂಡರು. ವ್ಯಾಪಾರದ ನಡುವೆ ಬಿಡುವು ಸಿಕ್ಕಾಗಲೆಲ್ಲ ಅದರಲ್ಲೇ ಕೂರುತ್ತಿದ್ದರು. ಗುರುವಿನ ಮಾತನ್ನು ನಂಬಿದ್ದೊಂದೇ ತಮ್ಮ ಸಾಧನೆ ಎಂದು ಕೊನೆಯವರೆಗೂ ಹೇಳಿಕೊಂಡರು. ಮೂರು ವರ್ಷಗಳಲ್ಲಿ ಹುಡುಕಾಟ ಮುಗಿಯಿತು ಎಂಬುದು ಅವರದೇ ಹೇಳಿಕೆ.

ಗುರು ಶಿಷ್ಯರ ಒಡನಾಟ ಅಷ್ಟೇ ಕಡಿಮೆ ಅವಧಿಯದು. 1936ರ ನವೆಂಬರ್ 9ರಂದು ಸಿದ್ಧರಾಮೇಶ್ವರ ಮಹಾರಾಜರು ಮುಂಬೈನಲ್ಲಿ ದೇಹ ಬಿಟ್ಟರು.

ಇಂಚಗೇರಿಯ ನಂಟು

ಈ ಗುರುವಿನ ಹಿನ್ನೆಲೆ ಹುಡುಕುತ್ತಾ ಹೋದರೆ ನಾವು ತಲುಪುವುದು ಕನ್ನಡ, ಮರಾಠಿ ಎರಡೂ ಬೆರೆತ ಗಡಿನಾಡಿಗೆ.

ಸಿದ್ಧರಾಮೇಶ್ವರ ಮಹಾರಾಜರು ಹುಟ್ಟಿದ್ದು 1888ರಲ್ಲಿ, ಸೊಲ್ಲಾಪುರ ಸಮೀಪದ ಪಾಥ್ರಿಯಲ್ಲಿ. ಹದಿನಾರನೇ ವಯಸ್ಸಿಗೆ ವಿಜಯಪುರಕ್ಕೆ ಬಂದು ಮಾರ್ವಾಡಿ ಪೇಢಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. 1906ರಲ್ಲಿ ಅವರಿಗೆ ಭಾವುಸಾಹೇಬ ಮಹಾರಾಜರ ದರ್ಶನವಾಯಿತು. ಉಮದಿ ಗ್ರಾಮದ ಭಾವುಸಾಹೇಬರು (1843-1914) ನಿಂಬರಗಿ ಮಹಾರಾಜರ ಶಿಷ್ಯರು. ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿ ಅವರು ಕಟ್ಟಿದ ಮಠವೇ ಮುಂದೆ ಇಂಚಗೇರಿ ಸಂಪ್ರದಾಯಕ್ಕೆ ಹೆಸರು ಕೊಟ್ಟಿತು.

ಜಮಖಂಡಿಯಲ್ಲಿ ಹುಟ್ಟಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿದ, ನಿಂಬಾಳದಲ್ಲಿ ಆಶ್ರಮ ಕಟ್ಟಿದ ಗುರುದೇವ ರಾನಡೆ ಅವರೂ ಇದೇ ಭಾವುಸಾಹೇಬರ ಶಿಷ್ಯರು. ಅಂದರೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಮತ್ತು ಮುಂಬೈನ ಬೀಡಿ ವ್ಯಾಪಾರಿ ಒಂದೇ ಗುರುಮನೆಯ ಎರಡು ಕವಲುಗಳು.

ಈ ಪರಂಪರೆಯಲ್ಲಿ ಎರಡು ದಾರಿಗಳ ಮಾತು ಬರುತ್ತದೆ. ಒಂದು ಪಿಪೀಲಿಕಾ ಮಾರ್ಗ, ಅಂದರೆ ಇರುವೆಯ ದಾರಿ. ನಾಮಜಪ, ದೀರ್ಘ ಧ್ಯಾನಗಳ ಮೂಲಕ ಹೆಜ್ಜೆ ಹೆಜ್ಜೆಯಾಗಿ ಸಾಗುವುದು. ಇನ್ನೊಂದು ವಿಹಂಗಮ ಮಾರ್ಗ, ಹಕ್ಕಿಯ ದಾರಿ. ಕೇಳಿದ್ದನ್ನು ವಿಚಾರ ಮಾಡಿ, ವಿವೇಕದಿಂದ ನೇರವಾಗಿ ಹಾರುವುದು. ಭಾವುಸಾಹೇಬರು ಒತ್ತು ಕೊಟ್ಟದ್ದು ಮೊದಲನೆಯದಕ್ಕೆ. ಗುರುವಿನ ನಂತರ ಸಿದ್ಧರಾಮೇಶ್ವರರು ಎರಡನೆಯದನ್ನು ಹಿಡಿದರು. ಇದಕ್ಕೆ ಗುರುಬಂಧುಗಳಿಂದಲೇ ಆಕ್ಷೇಪವೂ ಬಂತು. ಆದರೆ ಕೆಲಸ, ಸಂಸಾರ ಬಿಡಲಾಗದ ಸಾಮಾನ್ಯರಿಗೆ ಆತ್ಮವಿಚಾರದ ಬಾಗಿಲು ತೆರೆದದ್ದು ಈ ಎರಡನೇ ದಾರಿ. ದಾಸಬೋಧದಂಥ ಗ್ರಂಥಗಳನ್ನು ಮುಂದಿಟ್ಟುಕೊಂಡು ಮರಾಠಿಯಲ್ಲಿ ಸರಳವಾಗಿ ವಿವರಿಸುವುದು ಅವರ ರೀತಿ. ಕಣೇರಿ ಮಠದ ಕಾಡಸಿದ್ಧೇಶ್ವರ ಮಹಾರಾಜ್, ಮುಂಬೈನ ರಣಜಿತ್ ಮಹಾರಾಜ್, ವಿಜಯಪುರ ಜಿಲ್ಲೆಯ ಕನ್ನೂರಿನ ಗಣಪತರಾವ್ ಮಹಾರಾಜ್ ಇವರೆಲ್ಲ ಸಿದ್ಧರಾಮೇಶ್ವರರ ಶಿಷ್ಯರೇ.

ಹಿಮಾಲಯಕ್ಕೆ ಹೊರಟವರು ವಾಪಸ್ ಬಂದರು

ಗುರು ಹೋದ ಮರುವರ್ಷ, 1937ರಲ್ಲಿ ಮಾರುತಿ ಮನೆ ಬಿಟ್ಟರು. ಎಂಟು ಅಂಗಡಿ, ಪತ್ನಿ, ನಾಲ್ಕು ಮಕ್ಕಳು ಎಲ್ಲವನ್ನೂ ಹಿಂದೆ ಬಿಟ್ಟು ಬರಿಗಾಲಲ್ಲಿ ನಡೆದರು. ಕ್ಷೇತ್ರಗಳನ್ನು ಸುತ್ತಿದರು. ಉಳಿದ ಆಯುಷ್ಯವನ್ನು ಹಿಮಾಲಯದಲ್ಲಿ ಕಳೆಯಬೇಕೆಂಬುದು ಆಗಿನ ನಿರ್ಧಾರ.

ದಾರಿಯಲ್ಲಿ ಒಬ್ಬ ಗುರುಬಂಧು ಸಿಕ್ಕರು. ಇಬ್ಬರ ನಡುವೆ ನಡೆದ ಮಾತುಕತೆ ಮಾರುತಿಯವರ ಬದುಕಿನ ದಿಕ್ಕು ಬದಲಿಸಿತು. ಎಲ್ಲ ಬಿಟ್ಟು ಓಡುವುದಕ್ಕಿಂತ, ಎಲ್ಲದರ ನಡುವೆ ಇದ್ದು ಅಂಟದೆ ಬಾಳುವುದೇ ಹೆಚ್ಚು ಫಲ ಕೊಡುವ ವೈರಾಗ್ಯ ಎಂದು ಅವರಿಗೆ ಮನವರಿಕೆಯಾಯಿತು. ಸುಮಾರು ಎಂಟು ತಿಂಗಳ ಅಲೆದಾಟ ಮುಗಿಸಿ 1938ರಲ್ಲಿ ಮುಂಬೈಗೆ ಮರಳಿದರು.

ಬಂದು ನೋಡಿದರೆ ಎಂಟು ಅಂಗಡಿಗಳಲ್ಲಿ ಉಳಿದದ್ದು ಒಂದೇ. ಕಳೆದುಹೋದದ್ದನ್ನು ಮತ್ತೆ ಕಟ್ಟಲು ಅವರು ಹೋಗಲಿಲ್ಲ. ಮನೆ ನಡೆಯಲು ಒಂದು ಅಂಗಡಿ ಸಾಕು ಎಂದು ಅದರಲ್ಲೇ ಕುಳಿತರು.

ನಿಸರ್ಗದತ್ತರನ್ನು ಅರ್ಥ ಮಾಡಿಕೊಳ್ಳಲು ಈ ಘಟನೆ ಬಹಳ ಮುಖ್ಯ. ಅದ್ವೈತ ಎಂದ ಕೂಡಲೇ ಸನ್ಯಾಸ, ಗುಹೆ, ಮೌನ ಎಂದು ಭಾವಿಸುವವರು ಇಂದಿಗೂ ಇದ್ದಾರೆ. ಶಂಕರಾಚಾರ್ಯರ ಪರಂಪರೆಯಲ್ಲಿ ಜ್ಞಾನಕ್ಕೂ ಸನ್ಯಾಸಕ್ಕೂ ಹತ್ತಿರದ ಸಂಬಂಧವಿದೆ. ಆದರೆ ಬಿಡಬೇಕಾದದ್ದು ಮನೆಯನ್ನೋ ಅಥವಾ 'ನಾನು ಇಂಥವನು' ಎಂಬ ಹಟವನ್ನೋ ಎಂಬ ಪ್ರಶ್ನೆಗೆ ಈ ವ್ಯಾಪಾರಿ ಕೊಟ್ಟ ಉತ್ತರ ಮಾತಿನಲ್ಲಿರಲಿಲ್ಲ. ವಾಪಸ್ ಬಂದು ಅಂಗಡಿ ಬಾಗಿಲು ತೆಗೆದದ್ದೇ ಉತ್ತರ. ಆ ಉತ್ತರಕ್ಕೆ ಬೆಲೆಯೂ ಇತ್ತು. ಅವರು ದೂರ ಹೋಗಿದ್ದ ತಿಂಗಳುಗಳಲ್ಲಿ ಮನೆಯ ಭಾರ ಹೊತ್ತದ್ದು ಮನೆಯವರೇ.

1940ರ ದಶಕದ ಆರಂಭದಲ್ಲಿ ಪತ್ನಿ ಸುಮತಿಬಾಯಿ ತೀರಿಕೊಂಡರು. ಸ್ವಲ್ಪ ಕಾಲದಲ್ಲೇ ತಾಯಿಯೂ ಹೋದರು. ಅಂಗಡಿ ನಿಲ್ಲಲಿಲ್ಲ, ಬೆಳಗಿನ ಪೂಜೆ ನಿಲ್ಲಲಿಲ್ಲ, ಸಂಜೆಯ ಭಜನೆಯೂ ನಿಲ್ಲಲಿಲ್ಲ. ಅಂಗಡಿಗೆ ಬಂದವರು ಬೀಡಿ ಕೊಂಡು ಎರಡು ಮಾತು ಕೇಳುತ್ತಿದ್ದರು. ಕೆಲವರು ಮಾತು ಕೇಳಲೆಂದೇ ಬರತೊಡಗಿದರು. ದೀಕ್ಷೆ ಕೇಳಿದವರಿಗೆ ಅವರು ಬಹುಕಾಲ ಒಪ್ಪಲಿಲ್ಲ. 1951ರಿಂದ ಶಿಷ್ಯರನ್ನು ಸ್ವೀಕರಿಸಲು ಆರಂಭಿಸಿದರು. 1966ರಲ್ಲಿ ಅಂಗಡಿಯಿಂದ ನಿವೃತ್ತರಾದ ಮೇಲೆ ಪೂರ್ತಿ ಸಮಯ ಮನೆಗೆ ಬಂದವರಿಗೇ ಮೀಸಲಾಯಿತು.

ಅಟ್ಟದ ಮೇಲಿನ ಮಾತು

ಮನೆಯಲ್ಲಿ ಅವರೇ ಮಾಡಿಸಿಕೊಂಡಿದ್ದ ತಗ್ಗು ಚಾವಣಿಯ ಸಣ್ಣ ಅಟ್ಟವೇ ಸತ್ಸಂಗದ ಜಾಗ. ಕಡಿದಾದ ಮೆಟ್ಟಿಲು ಹತ್ತಿ ಹೋಗಬೇಕು. ಕೆಲವೇ ಜನ ಒತ್ತೊತ್ತಾಗಿ ಕೂರಬಹುದು. ಗೋಡೆಯ ತುಂಬ ಗುರುಗಳ ಚಿತ್ರಗಳು. ಪ್ರತಿದಿನ ಬೆಳಿಗ್ಗೆ ಆ ಚಿತ್ರಗಳನ್ನು ಒರೆಸಿ, ಕುಂಕುಮವಿಟ್ಟು, ಹೂ ಏರಿಸಿ ಪೂಜೆ ಮಾಡುವುದು ಅವರ ನಿಯಮ. ಎರಡಿಲ್ಲ ಎಂದು ಸಾರುವವರಿಗೆ ಪೂಜೆ ಯಾಕೆ ಎಂದು ಹೊಸಬರಿಗೆ ಅಚ್ಚರಿ. ಗುರು ಹೇಳಿದ್ದಾರೆ, ಮಾಡುತ್ತೇನೆ ಎಂಬುದು ಅವರ ಧಾಟಿ.

ಮಾತು ದಿನಕ್ಕೆರಡು ಹೊತ್ತು. ಅವರು ಮರಾಠಿಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿ ಕುಳಿತವರು ಇಂಗ್ಲಿಷ್‌ಗೆ ಅನುವಾದಿಸುತ್ತಿದ್ದರು. ಅನುವಾದಕರಲ್ಲಿ ಒಬ್ಬರು ಬ್ಯಾಂಕ್ ಆಫ್ ಇಂಡಿಯಾದ ಉನ್ನತ ಹುದ್ದೆಯಿಂದ ನಿವೃತ್ತರಾಗಿದ್ದ ರಮೇಶ್ ಬಾಲ್ಸೇಕರ್. ಮುಂದೆ ಅವರೂ ಅದ್ವೈತದ ಬಗ್ಗೆ ಬರೆದು ಹೆಸರಾದರು.

ಮಹಾರಾಜರದು ಮೃದು ಮಾತಲ್ಲ. ಧ್ವನಿ ಏರುತ್ತಿತ್ತು, ಕೈ ಬೀಸುತ್ತಿತ್ತು, ಮಾತಿನ ನಡುವೆ ಬೀಡಿಯ ಹೊಗೆಯೂ ಏಳುತ್ತಿತ್ತು. ಪುಸ್ತಕದ ಪಾಂಡಿತ್ಯ ತೋರಿಸಲು ಬಂದವರನ್ನು ಅಲ್ಲೇ ತಡೆಯುತ್ತಿದ್ದರು. ಓದಿದ್ದು ಬೇಡ, ಸ್ವಂತ ಅನುಭವ ಇದ್ದರೆ ಹೇಳಿ ಎನ್ನುವುದು ಅವರ ಪಟ್ಟು. ಕೆಲವು ದಿನ ಕೇಳಿಸಿಕೊಂಡವರಿಗೆ, ಇನ್ನು ಹೋಗಿ ಮನನ ಮಾಡಿ ಎಂದು ಹೇಳಿ ಕಳಿಸುವುದೂ ಇತ್ತು. ಜನ ಸೇರಿಸಿ ಆಶ್ರಮ ಕಟ್ಟುವ ಗೋಜಿಗೆ ಅವರು ಹೋಗಲೇ ಇಲ್ಲ.

ಅವರು ಹೇಳಿದ್ದೇನು?

ಒಟ್ಟು ಬೋಧನೆಯನ್ನು ಮೂರು ಮೆಟ್ಟಿಲಾಗಿ ನೋಡಬಹುದು.

ಮೊದಲನೆಯದು, ನಾವು ದಿನವೂ ಬಳಸುವ 'ನಾನು'. ನಾನು ಇಂಥ ಊರಿನವನು, ಇಂಥ ಜಾತಿಯವನು, ಇಷ್ಟು ಸಂಬಳದವನು, ಇಂಥವರ ಮಗ. ಇದೆಲ್ಲ ಹುಟ್ಟಿದ ಮೇಲೆ ಬೇರೆಯವರಿಂದ ಕೇಳಿ ತಿಳಿದ ಮಾಹಿತಿ. ಹೆಸರೂ ಅಷ್ಟೇ, ಯಾರೋ ಇಟ್ಟದ್ದು.

ಎರಡನೆಯದು, ಈ ಮಾಹಿತಿಗಿಂತ ಮೊದಲೇ ಇರುವ 'ನಾನಿದ್ದೇನೆ' ಎಂಬ ಅರಿವು. ರಾತ್ರಿ ರೈಲಿನಲ್ಲಿ ಮಲಗಿದವರಿಗೆ ಬೆಳಗಿನ ಜಾವ ಥಟ್ಟನೆ ಎಚ್ಚರವಾಗುತ್ತದೆ. ಯಾವ ಸ್ಟೇಷನ್, ಯಾಕೆ ಬಂದೆ, ಎಲ್ಲಿಗೆ ಹೊರಟೆ ಎಂದು ಒಂದು ಕ್ಷಣ ಏನೂ ನೆನಪಾಗುವುದಿಲ್ಲ. ಆದರೆ 'ಇದ್ದೇನೆ' ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಮಹಾರಾಜರು ನಿಲ್ಲಿ ಎಂದು ಹೇಳುತ್ತಿದ್ದುದು ಅಂಥ ಜಾಗದಲ್ಲಿ. ರಮಣ ಮಹರ್ಷಿಗಳು 'ನಾನು ಯಾರು' ಎಂದು ವಿಚಾರಿಸಲು ಹೇಳಿದರೆ, ಇವರು ಆ 'ನಾನು' ಎಂಬ ಇರವಿನಲ್ಲೇ ತಂಗಲು ಹೇಳಿದರು. ದಾರಿಯ ಮೊದಲ ಹೆಜ್ಜೆ ಬೇರೆಯಾಗಿ ಕಂಡರೂ ಗುರಿ ಒಂದೇ.

ಮೂರನೆಯದು ಕಠಿಣ. ಈ 'ನಾನಿದ್ದೇನೆ' ಎಂಬುದೂ ಶಾಶ್ವತವಲ್ಲ ಎಂದು ಅವರು ಹೇಳುತ್ತಿದ್ದರು. ಎಳೆಗೂಸಿಗೆ ಅದು ಇಲ್ಲ, ಗಾಢ ನಿದ್ದೆಯಲ್ಲಿ ಅದು ಇಲ್ಲ. ಅನ್ನದಿಂದ ಬೆಳೆದ ದೇಹ ಇರುವವರೆಗೆ ಮಾತ್ರ ಅದು ಇರುತ್ತದೆ. ಹಾಗಾದರೆ ಅದು ಬರುವುದನ್ನೂ ಹೋಗುವುದನ್ನೂ ಬಲ್ಲದ್ದು ಯಾವುದು? ಅದೇ ಪರಬ್ರಹ್ಮ, ಅದೇ ನಿಜವಾದ ನೀನು ಎಂಬುದು ಅವರ ನಿಲುವು. ಹೀಗೆ ನೋಡಿದರೆ ಮುಕ್ತಿ ಎಂದರೆ ವ್ಯಕ್ತಿಗೆ ಸಿಗುವ ಬಹುಮಾನವಲ್ಲ. ಬಿಡುಗಡೆ ಆಗಬೇಕಾದದ್ದು ವ್ಯಕ್ತಿಯಿಂದಲೇ. ಮುಕ್ತಿ ಬೇಕು ಎಂದು ಬಂದವರಲ್ಲಿ ಎಷ್ಟೋ ಮಂದಿ ಈ ಮಾತಿಗೆ ಕಂಗಾಲಾದದ್ದು ಸಹಜ.

ಬೆಂಗಳೂರಿನ ಕಾರ್ಖಾನೆಯಲ್ಲಿದ್ದ ಪೋಲೆಂಡ್ ಎಂಜಿನಿಯರ್

ಖೇತ್ವಾಡಿಯ ಮಾತು ಜಗತ್ತಿಗೆ ತಲುಪಿದ್ದು ಮಾರಿಸ್ ಫ್ರೀಡ್‌ಮನ್ ಅವರಿಂದ. ಇಲ್ಲೂ ಒಂದು ಕನ್ನಡನಾಡಿನ ನಂಟಿದೆ. ಪೋಲೆಂಡಿನ ವಾರ್ಸಾದಲ್ಲಿ 1901ರಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದ ಫ್ರೀಡ್‌ಮನ್ ವಿದ್ಯುತ್ ಎಂಜಿನಿಯರ್. 1930ರ ದಶಕದಲ್ಲಿ ಮೈಸೂರು ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಹ್ವಾನದ ಮೇಲೆ ಬೆಂಗಳೂರಿಗೆ ಬಂದು ಸರ್ಕಾರಿ ವಿದ್ಯುತ್ ಕಾರ್ಖಾನೆಯ ಹೊಣೆ ಹೊತ್ತರು.

ಕಾರ್ಖಾನೆಗೆಂದು ಬಂದವರು ಭಾರತದಲ್ಲೇ ಉಳಿದರು. ತಿರುವಣ್ಣಾಮಲೈಗೆ ಹೋಗಿ ರಮಣರ ಮುಂದೆ ಕುಳಿತರು. ಭರತಾನಂದ ಎಂಬ ಹೆಸರು ಪಡೆದು ಗಾಂಧೀಜಿಯ ಒಡನಾಡಿಯಾದರು. ನೂಲುವವರಿಗಾಗಿ ಧನುಷ್ ತಕಲಿ ಎಂಬ ಸರಳ ಸಾಧನ ರೂಪಿಸಿದರು. ಔಂಧ್ ಸಂಸ್ಥಾನದಲ್ಲಿ ಆಡಳಿತವನ್ನು ಹಳ್ಳಿಗರ ಕೈಗೆ ಕೊಡುವ ಪ್ರಯೋಗದಲ್ಲಿ ದುಡಿದರು. ಟಿಬೆಟ್ ನಿರಾಶ್ರಿತರ ನೆರವಿಗೂ ನಿಂತರು.

ಇಷ್ಟೆಲ್ಲ ಕಂಡಿದ್ದ ಫ್ರೀಡ್‌ಮನ್ ಇಳಿವಯಸ್ಸಿನಲ್ಲಿ ಬಂದು ಕುಳಿತದ್ದು ಖೇತ್ವಾಡಿಯ ಅಟ್ಟದಲ್ಲಿ. ಮರಾಠಿ ಬಲ್ಲ ಅವರು ಮಹಾರಾಜರ ಸಂಭಾಷಣೆಗಳ ಧ್ವನಿಮುದ್ರಣ ಆಧರಿಸಿ ಇಂಗ್ಲಿಷ್‌ಗೆ ತಂದರು. 'ಐ ಆಮ್ ದಟ್' ಎಂಬ ಹೆಸರಿನ ಆ ಪುಸ್ತಕವನ್ನು ಮುಂಬೈನ ಚೇತನಾ ಸಂಸ್ಥೆ 1973ರಲ್ಲಿ ಪ್ರಕಟಿಸಿತು. ಅದರಲ್ಲಿರುವುದು 101 ಸಂಭಾಷಣೆಗಳು. ಹೆಚ್ಚು ಶಾಲೆ ಕಾಣದ ವ್ಯಕ್ತಿಯ ಮಾತು ಹಲವು ಭಾಷೆಗಳಿಗೆ ಹೋಯಿತು. ಆ ಬಳಿಕ ಖೇತ್ವಾಡಿಯ ಮೆಟ್ಟಿಲ ಬಳಿ ವಿದೇಶಿಯರ ಚಪ್ಪಲಿಗಳೂ ಸಾಲುಗಟ್ಟಿದವು. ಫ್ರೀಡ್‌ಮನ್ ಮುಂಬೈನಲ್ಲೇ ಕಣ್ಣುಮುಚ್ಚಿದರು.

ಗಂಟಲ ಕ್ಯಾನ್ಸರ್: ಕೊನೆಯ ಪರೀಕ್ಷೆ

1980ರ ಹೊತ್ತಿಗೆ ಮಹಾರಾಜರಿಗೆ ಗಂಟಲಿನ ಕ್ಯಾನ್ಸರ್ ಇರುವುದು ತಿಳಿಯಿತು. ಜೀವನವಿಡೀ ತಂಬಾಕು ಮಾರಿದ, ಸೇದಿದ ವ್ಯಕ್ತಿಗೆ ಗಂಟಲಿನ ಕ್ಯಾನ್ಸರ್. ಈ ಸಂಗತಿಯನ್ನು ಅವರ ಅನುಯಾಯಿಗಳು ಮುಚ್ಚಿಟ್ಟಿಲ್ಲ, ಮುಚ್ಚಿಡುವ ಅಗತ್ಯವೂ ಇಲ್ಲ. ಜ್ಞಾನಿಯ ದೇಹಕ್ಕೆ ಪ್ರಕೃತಿಯ ನಿಯಮದಿಂದ ವಿನಾಯಿತಿ ಇದೆ ಎಂದು ಅವರೇ ಎಂದೂ ಹೇಳಿದವರಲ್ಲ.

'ನೀನು ದೇಹವಲ್ಲ' ಎಂದು ದಶಕಗಳ ಕಾಲ ಹೇಳಿದ ಮಾತಿಗೆ ಈಗ ಪರೀಕ್ಷೆಯ ಕಾಲ. ಅವರು ನೋವಿಲ್ಲವೆಂದು ನಟಿಸಲಿಲ್ಲ. ನೋವು ಇದೆ, ಶಕ್ತಿ ಕುಂದಿದೆ ಎಂದು ಬಂದವರ ಮುಂದೆಯೇ ಒಪ್ಪಿಕೊಂಡರು. ಆದರೆ ರೋಗ ಬಂದದ್ದು ಹುಟ್ಟಿದ್ದಕ್ಕೆ, ಹುಟ್ಟದೇ ಇದ್ದದ್ದಕ್ಕೆ ಏನೂ ಆಗಿಲ್ಲ ಎಂಬ ನಿಲುವಿನಿಂದ ಕದಲಲಿಲ್ಲ. ಮಾತು ಕಡಿಮೆಯಾಯಿತು, ಧ್ವನಿ ಕ್ಷೀಣಿಸಿತು, ಹೇಳುವ ವಿಷಯ ಇನ್ನಷ್ಟು ನೇರವಾಯಿತು. ಆ ದಿನಗಳ ಮಾತುಗಳನ್ನು ಅಮೆರಿಕದ ಶಿಷ್ಯೆ ಜೀನ್ ಡನ್ ಸಂಪಾದಿಸಿ ಪುಸ್ತಕಗಳಾಗಿ ಹೊರತಂದಿದ್ದಾರೆ.

1981ರ ಸೆಪ್ಟೆಂಬರ್ 8ರಂದು, 84ನೇ ವಯಸ್ಸಿನಲ್ಲಿ, ಖೇತ್ವಾಡಿಯ ಮನೆಯಲ್ಲೇ ನಿಸರ್ಗದತ್ತ ಮಹಾರಾಜರು ದೇಹ ಬಿಟ್ಟರು.

ಇಂದಿಗೆ ಉಳಿದದ್ದು

ಅವರ ನಂತರ ಅದ್ವೈತ ಜಗತ್ತಿನೆಲ್ಲೆಡೆ ಹರಡಿದೆ. ನೀವು ಈಗಾಗಲೇ ಮುಕ್ತರು, ಮಾಡಬೇಕಾದದ್ದು ಏನೂ ಇಲ್ಲ ಎಂಬ ಮಾತು ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಸಿಗುತ್ತದೆ. ಅದನ್ನು ನಿಸರ್ಗದತ್ತರ ಹೆಸರಿನಲ್ಲಿ ಹೇಳುವವರೂ ಇದ್ದಾರೆ. ಅವರ ಬದುಕು ಮಾತ್ರ ಅಷ್ಟು ಸುಲಭದ ದಾರಿ ತೋರಿಸುವುದಿಲ್ಲ. ಗುರು ಕೊಟ್ಟ ಒಂದೇ ಮಾತನ್ನು ಮೂರು ವರ್ಷ ಬಿಡದೆ ಹಿಡಿದವರು ಅವರು. ಜ್ಞಾನ ಸಿಕ್ಕಿತು ಎಂದ ಮೇಲೂ ನಾಲ್ಕು ದಶಕ ಗುರುಪೂಜೆ ತಪ್ಪಿಸಲಿಲ್ಲ. ಮಾಡುವವನು ಬೇರೆ ಯಾರೂ ಇಲ್ಲ ಎಂದು ಹೇಳುತ್ತಲೇ ಅಂಗಡಿಯ ಲೆಕ್ಕ ನೋಡಿಕೊಂಡರು, ಮಕ್ಕಳನ್ನು ದಡ ಮುಟ್ಟಿಸಿದರು.

ಬೆಳಿಗ್ಗೆ ಲೋಕಲ್ ಹಿಡಿದು ಕೆಲಸಕ್ಕೆ ಹೋಗಿ ರಾತ್ರಿ ಮನೆ ಸೇರುವವರಿಗೆ ಆತ್ಮವಿಚಾರ ಮಾಡಲು ಸಮಯವೆಲ್ಲಿದೆ ಎಂಬ ಪ್ರಶ್ನೆ ಎಲ್ಲರದೂ ಹೌದು. ಕಾಂದಳಗಾಂವ್‌ನಿಂದ ಹೊಟ್ಟೆಪಾಡಿಗೆ ಮುಂಬೈಗೆ ಬಂದ ಮಾರುತಿ ಕಾಂಬ್ಳಿ ಅವರಿಗೂ ಅಂಗಡಿ, ಗಿರಾಕಿ, ಸಂಸಾರ ಎಲ್ಲವೂ ಇತ್ತು. ಹಿಮಾಲಯದ ಹಾದಿಯಿಂದ ಅವರು ತಿರುಗಿ ಬಂದದ್ದು ಅದೇ ಅಂಗಡಿಗೆ, ಅದೇ ಸಂಸಾರಕ್ಕೆ.